ಕೊರಿಯಾದ ಎರಡನೇ ದರ್ಜೆಯಲ್ಲಿ ನಮ್ಮ ಚಿಕ್ಕಮ್ಮ

ಅಥವಾ ನಾನು ಆಗ ಅಂಗಡಿಯೊಳಗೆ ಇರಲೇ ಇಲ್ಲವೇನೋ. ಹೊರಗೆ ಕಾರಿನಲ್ಲಿ ಕೂತು ಫೋನು ನೋಡುತ್ತಿದ್ದೆನೇನೋ. ಈ ಪ್ರಸಂಗವನ್ನು ಎಷ್ಟು ಸಲ, ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಮೊದಮೊದಲು ಕಾರಿನಲ್ಲಿದ್ದ ನಾನು ಹೇಳುತ್ತ ಹೇಳುತ್ತ ಅಂಗಡಿಯ ಬಾಗಿಲಿಗೆ ಬಂದು, ಆಮೇಲೆ ಒಳಗೆ ನುಗ್ಗಿ, ಈಗ ಮೂಲಂಗಿ ರಾಶಿಯ ಪಕ್ಕದಲ್ಲೇ ನಿಂತುಬಿಟ್ಟಿದ್ದೇನೆ. ನೆನಪನ್ನು ನಂಬಬಾರದು ಎನ್ನುವುದು ನನ್ನ ಸಾಹಿತ್ಯಿಕ ನಿಲುವು. ಮರೆವು ಜಾಸ್ತಿಯಾಗಿದೆ ಎನ್ನುವುದು ನನ್ನ ಹೆಂಡತಿಯ ವಿವರಣೆ.

ಒಂದು ಮಾತನ್ನು ಮಾತ್ರ ಎದೆ ತಟ್ಟಿ ಹೇಳಬಲ್ಲೆ. ಕೊರಿಯಾದ ಫುಟ್‌ಬಾಲ್ ಲೀಗಿನ ಎರಡನೇ ದರ್ಜೆಯಲ್ಲಿ ಒಂದು ತಂಡ ಸೋತಿತೆಂದು ರಾತ್ರಿಯೂಟ ಬಿಟ್ಟ ಕನ್ನಡತಿ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿನಲ್ಲಿದ್ದಾರೆ. ಮತ್ತು ಅವರು ನನ್ನ ಚಿಕ್ಕಮ್ಮ. ಮೊದಲನೇ ದರ್ಜೆಯಲ್ಲ, ಗಮನಿಸಿ. ಎರಡನೆಯದು! ಮೊದಲನೆಯದರ ಹುಚ್ಚು ಹಿಡಿದಿದ್ದರೆ ನೆಂಟರಿಷ್ಟರ ಮುಂದೆ ಹೇಗೋ ಸಮರ್ಥಿಸಿಕೊಳ್ಳಬಹುದಿತ್ತು.

ಚಿಕ್ಕಮ್ಮ ಮೈಸೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ಇಲ್ಲಿಗೆ ಬಂದು ಇಲ್ಲಿಯೂ ನರ್ಸಾದವರು. ಅವರ ಹತ್ತಿರ ಡ್ರೈವಿಂಗ್ ಲೈಸೆನ್ಸ್ ಇದೆ. ಆದರೆ ನಮ್ಮ ಊರಿನ ತುಂಬ ರೌಂಡ್ ಅಬೌಟುಗಳಿವೆ. ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆನ್ನುವುದು ನಿಯಮ. ಚಿಕ್ಕಮ್ಮ ಬಲಗಡೆಯವರಿಗೆ ಬಿಡುತ್ತಾರೆ, ಎಡಗಡೆಯವರಿಗೆ ಬಿಡುತ್ತಾರೆ, ಹಿಂದಿನವರು ಹಾರನ್ ಮಾಡಿದರೆ ಅವರಿಗೂ ಬಿಡೋಣವೆಂದು ಪಕ್ಕಕ್ಕೆ ಸರಿಯುತ್ತಾರೆ. ಒಮ್ಮೆ ಹೀಗೇ ಎಲ್ಲರಿಗೂ ಕೈಬೀಸಿ ಕಳಿಸಿಕೊಟ್ಟು, ತಾವು ವಾಪಸ್ ಮನೆಗೆ ಬಂದು ಕೂತಿದ್ದರು. ಯಾರಿಗೂ ಇಲ್ಲ ಎನ್ನಲಾರದ ಈ ಸ್ವಭಾವವೇ ಮುಂದಿನದಕ್ಕೆಲ್ಲ ಮೂಲ. ಅಂದಿನಿಂದ ಅವರ ಸಾರಥಿ ನಾನು.

ಸರಿ, ಆ ದಿನಕ್ಕೆ ಬರೋಣ. ಚಳಿಗಾಲದ ಒಂದು ಶನಿವಾರ ಸಂಜೆ. ಚಿಕ್ಕಮ್ಮ ಅದೇ ತಾನೇ ಆಪ್ ಶಾಪಿನಲ್ಲಿ, ಎಂದರೆ ಜನ ಕೊಟ್ಟುಬಿಟ್ಟ ಹಳೇ ಬಟ್ಟೆಗಳನ್ನು ಮಾರುವ ಅಂಗಡಿಯಲ್ಲಿ, ಹಸಿರು-ಬಿಳಿ ಪಟ್ಟೆಯ ಉಣ್ಣೆಯ ಸ್ಕಾರ್ಫೊಂದನ್ನು ಕೊಂಡಿದ್ದರು. ಒಂದು ಮೂಲೆಯಲ್ಲಿ ಹರಿದದ್ದನ್ನು ಯಾರೋ ನೀಲಿ ದಾರದಲ್ಲಿ ಹೊಲಿದಿದ್ದರು. ಉದ್ದಕ್ಕೂ ಏನೋ ಚಿತ್ತಾರ. "ಡಿಸೈನ್ ಚೆನ್ನಾಗಿದೆ" ಎಂದು ಸುತ್ತಿಕೊಂಡು, ಮೂಲಂಗಿ ಕೊಳ್ಳಲು ಕೊರಿಯಾದವರ ದಿನಸಿ ಅಂಗಡಿಗೆ ಹೋದರು. ಡಿಸೈನ್ ಅಲ್ಲ ಅದು, ಕೊರಿಯನ್ ಅಕ್ಷರಗಳು!

ಅಂಗಡಿಯ ಯಜಮಾನರಿಗೆ ಎಪ್ಪತ್ತರ ಆಸುಪಾಸು. ಮಾತು ಕಡಿಮೆ, ಇಂಗ್ಲಿಷ್ ಇನ್ನೂ ಕಡಿಮೆ. ಅವರು ಗಲ್ಲಾದ ಹಿಂದಿನಿಂದ ಎದ್ದು ಬಂದು, ಸ್ಕಾರ್ಫಿನ ತುದಿಯನ್ನು ಬೆರಳಲ್ಲಿ ಹಿಡಿದು, ಕೊರಿಯನ್ನಿನಲ್ಲಿ ಮೂರೋ ನಾಲ್ಕೋ ಪದಗಳ ಒಂದು ಪ್ರಶ್ನೆ ಕೇಳಿದರು. ಚಿಕ್ಕಮ್ಮ ಗಾಬರಿಯಾಗಿ, ಎದೆಯ ಮೇಲೆ ಕೈಯಿಟ್ಟು, ಅಪ್ಪಟ ಮೈಸೂರಿನ ರೀತಿಯಲ್ಲಿ ಕೇಳಿದರು:

"ನಾನೇ?"

ನಾವೆಲ್ಲ ಶಾಲೆಯಲ್ಲಿ ಮೇಷ್ಟ್ರು ಹೆಸರು ಕರೆದಾಗ ಕೇಳುತ್ತಿದ್ದೆವಲ್ಲ, ಅದೇ 'ನಾನೇ?'. ಕೊರಿಯನ್ನಿನಲ್ಲಿ 'ನೇ' ಎಂದರೆ 'ಹೌದು' ಎಂದು ನಮಗೆ ಆಮೇಲೆ ಹೇಳಿದವಳು ಕೊರಿಯನ್ ಧಾರಾವಾಹಿ ನೋಡುವ ನನ್ನ ಮಗಳು. ಯಜಮಾನರ ಕಣ್ಣು ತುಂಬಿಕೊಂಡಿತು. ಒಂದು ದಪ್ಪ ಮೂಲಂಗಿಯನ್ನು ಆರಿಸಿ ಚಿಕ್ಕಮ್ಮನ ಕೈಗಿಟ್ಟರು. ಒಳಗಿನಿಂದ ಲ್ಯಾಪ್‌ಟಾಪ್ ತಂದು ಗಲ್ಲಾದ ಮೇಲಿಟ್ಟು ತುಸು ಹೊತ್ತು ಹುಡುಕಾಡಿದರು. ಅದರಲ್ಲಿ ಹಸಿರು-ಬಿಳಿ ಅಂಗಿಯ ಹುಡುಗರು ಓಡಾಡತೊಡಗಿದರು. ಅಲ್ಲಿ ಮಧ್ಯಾಹ್ನ ಎರಡು ಗಂಟೆಯ ಪಂದ್ಯವೆಂದರೆ ಇಲ್ಲಿ ಸಂಜೆ ಐದು. ಯಜಮಾನರು ಒಂದು ಸ್ಟೂಲ್ ಎಳೆದರು. ಆಮೇಲೆ ಇನ್ನೊಂದು ಎಳೆದರು. ಎರಡನೇ ಸ್ಟೂಲು ನೋಡಿದ ಮೇಲೂ 'ನಾನಲ್ಲ' ಎನ್ನುವ ಧೈರ್ಯ ನಮ್ಮ ಮನೆತನದಲ್ಲೇ ಯಾರಿಗೂ ಇಲ್ಲ.

ಹೀಗೆ ಒಂದು ದೀರ್ಘಸ್ವರದಿಂದಾಗಿ ಚಿಕ್ಕಮ್ಮ ಅಭಿಮಾನಿಯಾದರು. ತಂಡದ ಹೆಸರನ್ನು ನಾನು ಬರೆಯುವಂತಿಲ್ಲ. ಹೆಸರೆತ್ತಿದರೆ ಸೋಲುತ್ತಾರೆಂದು ಅವರ ನಂಬಿಕೆ. ಎತ್ತದಿದ್ದಾಗಲೂ ಸೋಲುತ್ತಾರಲ್ಲ ಎಂದರೆ, "ಎಲ್ಲೋ ಯಾರೋ ಎತ್ತಿರ್ತಾರೆ" ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ 'ನಮ್ಮೋರು' ಎಂದಷ್ಟೇ ಹೆಸರು.

ಇನ್ನು ನನ್ನ ಪಾತ್ರ. ಹಾಲಿನ ಉದ್ಯಮಕ್ಕೆ ಸಾಫ್ಟ್‌ವೇರ್ ಬರೆಯುವ ನಾನು ಬಿಡುವಿನಲ್ಲಿ ಪ್ರಯೋಗಶೀಲ ಕಥೆಗಳನ್ನು ಬರೆಯುತ್ತೇನೆ. ಅವನ್ನು ನಾಲ್ಕು ಜನ ಓದಿದ್ದಾರೆ. ಮೂವರು ಅರ್ಥವಾಗಲಿಲ್ಲ ಎಂದರು, ನಾಲ್ಕನೆಯವನು ನಾನು. ಇಂಥ ಪಂಡಿತನಿರುವಾಗ ಚಿಕ್ಕಮ್ಮನಿಗೆ ಲೀಗಿನ ಒಳಗುಟ್ಟು ತಿಳಿಸುವ ಜವಾಬ್ದಾರಿ ಇನ್ನಾರದು? ಕೊರಿಯಾದಲ್ಲಿ ಗಂಡುಹುಡುಗರು ಸೈನ್ಯಕ್ಕೆ ಹೋಗಿ ಬರಲೇಬೇಕು. ಸೈನ್ಯಕ್ಕೇ ಒಂದು ಫುಟ್‌ಬಾಲ್ ತಂಡವಿದೆ. ಒಳ್ಳೆಯ ಆಟಗಾರರು ಒಂದೂವರೆ ವರ್ಷ ಅಲ್ಲಿ ಆಡಿ, ಸೆಲ್ಯೂಟ್ ಹೊಡೆದು, ತಮ್ಮ ತಂಡಕ್ಕೆ ಮರಳುತ್ತಾರೆ. ಇದನ್ನು ನಾನು ಹ್ಯಾಮಿಲ್ಟನ್ನಿನ ರೊಟೊಟೂನ ಬಡಾವಣೆಯ ನಮ್ಮ ಮನೆಯಲ್ಲಿ ಮುಕ್ಕಾಲು ಗಂಟೆ ವಿವರಿಸಿದೆ. ರಾಷ್ಟ್ರ, ದೇಹ, ಅಸ್ಮಿತೆ ಎಂದೆಲ್ಲ ಕೈ ಆಡಿಸಿದೆ. ಚಿಕ್ಕಮ್ಮ ಬೀನ್ಸ್ ಬಿಡಿಸುತ್ತ ಕೇಳಿಸಿಕೊಂಡರು.

"ಡೆಪ್ಯುಟೇಷನ್ ಕಣೋ," ಎಂದರು ಕೊನೆಗೆ. "ಅದಕ್ಕೆ ಇಷ್ಟು ಮಾತಾ?"

ಲೀಗ್ ಬೇರೆ, ಕಪ್ ಬೇರೆ ಎನ್ನುವುದನ್ನು ಅವರಿಗೆ ನಾನು ವಿವರಿಸಲಿಲ್ಲ. ಅವರೇ ನನಗೆ ವಿವರಿಸಿದರು. ಲೀಗ್ ಎಂದರೆ ಸಂಸಾರ, ವರ್ಷವಿಡೀ ಏಗಬೇಕು. ಕಪ್ ಎಂದರೆ ಮದುವೆಮನೆ. ದೊಡ್ಡವರು, ಸಣ್ಣವರು, ಕೆಳಗಿನ ದರ್ಜೆಯವರು ಎಲ್ಲರೂ ಬರಬಹುದು, ಆದರೆ ನಮ್ಮೋರು ಮೊದಲ ಪಂಕ್ತಿಯಲ್ಲೇ ಎದ್ದು ಕೈ ತೊಳೆಯಬೇಕು. ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಎಲ್ಲಿಯೂ ಓದಿಲ್ಲ. ಹೊಟ್ಟೆಯುರಿಯಿಂದ ಹೇಳುತ್ತಿದ್ದೇನೆ.

ಕಾಮೆಂಟರಿಯೂ ಅವರಿಗೆ ಅರ್ಥವಾಗುತ್ತಿತ್ತಂತೆ. ಗೋಲು ತಪ್ಪಿದಾಗ ಆ ಕಡೆಯವರು 'ಐಗೋ' ಎನ್ನುತ್ತಾರೆ, ನಮ್ಮ 'ಅಯ್ಯೋ'ದ ಹಾಗೆ. "ನಮ್ಮೋರ ಆಟಕ್ಕೆ ಅದೊಂದು ಪದ ಬಂದ್ರೆ ಸಾಕು" ಎನ್ನುತ್ತಿದ್ದರು.

ಅಂಗಡಿಯಲ್ಲಿ ಪಂದ್ಯ ಮುಗಿದ ಮೇಲೆ ಚಿಕ್ಕಮ್ಮ ಮತ್ತು ಯಜಮಾನರ ನಡುವೆ ಒಂದು ಪದ್ಧತಿ ಬೆಳೆಯಿತು. ಚಿಕ್ಕಮ್ಮನದು ಆಸ್ಪತ್ರೆಯ ಇಂಗ್ಲಿಷ್. ಯಾರ ಮುಖ ಸಪ್ಪಗಾದರೂ ಅವರ ಬಾಯಿಂದ ಬರುವುದು ಒಂದೇ ಪ್ರಶ್ನೆ: ಹತ್ತರಲ್ಲಿ ನೋವು ಎಷ್ಟು? ಯಜಮಾನರು ಬೆರಳು ತೋರಿಸುತ್ತಿದ್ದರು. ಸಮವಾದರೆ ಐದು. ಸೋತರೆ ಏಳು. ನಮ್ಮೋರು ತಮ್ಮದೇ ಬಲೆಗೆ ಗೋಲು ಹೊಡೆದುಕೊಂಡ ದಿನ ಎಂಟು. ಅಂದು ಚಿಕ್ಕಮ್ಮ ಅವರಿಗೆ ಕೋಡುಬಳೆ ಕೊಟ್ಟು, ತಿಂದು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದರು. ಒಂದು ವಿಚಿತ್ರವೆಂದರೆ, ಗೆದ್ದ ದಿನವೂ ಅವರು ನಾಲ್ಕು ಬೆರಳು ತೋರಿಸುತ್ತಿದ್ದರು. ಪಾಪ, ಪ್ರಶ್ನೆ ಅರ್ಥವಾಗಿಲ್ಲ ಎಂದು ನಾನು ತೀರ್ಮಾನಿಸಿದೆ. ಜನರನ್ನು ಆಳವಾಗಿ ಗಮನಿಸುವ ಕಥೆಗಾರನಲ್ಲವೇ ನಾನು!

ಆದರೆ ಪ್ರತಿ ಶನಿವಾರ ಕಾರಿನಲ್ಲಿ ಚಿಕ್ಕಮ್ಮನ ಮುಖ ಬಾಡಿರುತ್ತಿತ್ತು. ಆ ಮನುಷ್ಯನಿಗೆ ಸುಳ್ಳು ಹೇಳಿದೆನಲ್ಲ ಎನ್ನುವುದು ಅವರನ್ನು ಕೊರೆಯುತ್ತಿತ್ತು. "ಇವತ್ತು ಹೇಳ್ಬಿಡ್ತೀನಿ ಕಣೋ, ನಾನು ಫ್ಯಾನೂ ಅಲ್ಲ ಎಂಥದೂ ಅಲ್ಲ ಅಂತ," ಎಂದು ಹೋಗುತ್ತಿದ್ದರು. ವಾಪಸ್ ಬರುವಾಗ ಕೈಯಲ್ಲಿ ಮೂಲಂಗಿ ಇರುತ್ತಿತ್ತು. ಮೂರು ವರ್ಷ ನಮ್ಮ ಮನೆಯಲ್ಲಿ ಭಾನುವಾರವೆಂದರೆ ಮೂಲಂಗಿ ಹುಳಿ. ಹೇಳದೇ ಉಳಿದ ಸತ್ಯಕ್ಕೆ ಒಂದು ವಾಸನೆಯಿರುತ್ತದೆ ಎಂದು ನಾನೊಂದು ಕಥೆಯಲ್ಲಿ ಬರೆದದ್ದು ಆಗಲೇ.

ಆ ಕಥೆಯನ್ನೇ ನಮ್ಮ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಓದಲು ಕರೆದಿದ್ದರು. ಚಿಕ್ಕಮ್ಮ ಮೊದಲ ಸಾಲಿನಲ್ಲಿ ಹೆಮ್ಮೆಯಿಂದ ಕೂತಿದ್ದರು, ಕುತ್ತಿಗೆಗೆ ಹಸಿರು ಸ್ಕಾರ್ಫ್ ಸುತ್ತಿಕೊಂಡು. ಸ್ಕಾರ್ಫಿನೊಳಗೆ ಇಯರ್‌ಫೋನೂ ಮಡಿಲಲ್ಲಿ ಪಂದ್ಯ ತೋರಿಸುವ ಫೋನೂ ಇದ್ದವೆಂದು ನನಗೇನು ಗೊತ್ತು? ನಾನು ಕಥೆಯ ಅತ್ಯಂತ ಗಹನವಾದ ವಾಕ್ಯವನ್ನು ಓದಿ, ಸಭೆಯ ಮೇಲೆ ಅದರ ಪರಿಣಾಮ ನೋಡಲು ಸ್ವಲ್ಪ ನಿಲ್ಲಿಸಿದೆ. ಆ ಮೌನದಲ್ಲಿ ಚಿಕ್ಕಮ್ಮನ ದನಿ ಕೊನೆಯ ಸಾಲಿನವರೆಗೂ ಕೇಳಿಸಿತು:

"ಅಯ್ಯೋ, ಇಷ್ಟು ಹತ್ರದಿಂದ ಹೊಡೆದ್ರೂ ಒಳಗೆ ಹೋಗ್ಲಿಲ್ವಲ್ಲ."

ನನ್ನ ಸಾಹಿತ್ಯಜೀವನದ ಅತಿ ದೊಡ್ಡ ಚಪ್ಪಾಳೆ ಬಿದ್ದದ್ದು ಆಗ. ಅದು ಅವರಿಗೋ ನನಗೋ ಎಂದು ನಾನು ಇಂದಿಗೂ ವಿಚಾರಿಸಿಲ್ಲ. ಮಗಳು ಮಾತ್ರ ಮನೆಗೆ ಬರುವಾಗ, "ಅಪ್ಪಾ, ಶೀ ವಾಸ್ ದ ಬೆಸ್ಟ್ ಪಾರ್ಟ್" ಎಂದಳು.

ಮೂರನೆಯ ವರ್ಷ ಎರಡು ಸುದ್ದಿಗಳು ಒಟ್ಟಿಗೇ ಬಂದವು. ನಮ್ಮೋರು ಹೇಗೋ ಏದುಸಿರು ಬಿಡುತ್ತ ಐದನೇ ಸ್ಥಾನಕ್ಕೆ ಬಂದಿದ್ದರು. ಮೊದಲನೇ ದರ್ಜೆಗೆ ಏರುವ ಪ್ಲೇಆಫ್ ಪಂದ್ಯಗಳಿಗೆ ಅದು ಸಾಕಿತ್ತು. ಮತ್ತು ಯಜಮಾನರು ಅಂಗಡಿ ಮುಚ್ಚುತ್ತಿದ್ದರು. ಕ್ರೈಸ್ಟ್‌ಚರ್ಚಿನ ರಿಕ್ಕರ್ಟನ್ನಿನಲ್ಲಿರುವ ಮಗಳ ಮನೆಗೆ ಹೋಗಿಬಿಡುತ್ತಾರಂತೆ. ಪ್ಲೇಆಫ್ ಪಂದ್ಯದ ಸಂಜೆಯೇ ಅಂಗಡಿಯ ಕಡೆಯ ಸಂಜೆ.

"ಹೇಳ್ದೆ ಕಳಿಸಿದ್ರೆ ನಂಗೆ ಆಗಲ್ಲ," ಎಂದರು ಚಿಕ್ಕಮ್ಮ. ಕಾರಿನಲ್ಲಿ ಅವರು ಸ್ಕಾರ್ಫನ್ನು ಸುತ್ತಿಕೊಂಡಿರಲಿಲ್ಲ. ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಅಂದು ನಾನು ಒಳಗಿದ್ದೆ. ಇದನ್ನು ಪ್ರಮಾಣ ಮಾಡಿ ಹೇಳಬಲ್ಲೆ, ಏಕೆಂದರೆ ಅರ್ಧ ಖಾಲಿಯಾದ ಕಪಾಟಿಗೆ ತಲೆ ತಾಗಿ ಎದ್ದ ಬುಗುಟಿಗೆ ಸಾಕ್ಷಿಗಳಿದ್ದಾರೆ. ನಾಲ್ಕನೇ ಸ್ಥಾನದವರ ಮೈದಾನದಲ್ಲಿ ಪಂದ್ಯ. ಇಲ್ಲೊಂದು ನಿಯಮವಿದೆ: ಪಂದ್ಯ ಸಮವಾದರೆ, ಪಟ್ಟಿಯಲ್ಲಿ ಮೇಲಿದ್ದವರು ಗೆದ್ದ ಹಾಗೆ. ಅನ್ಯಾಯ ಎಂದು ನಾನು ಕೂಗಾಡಿದೆ. "ಸೀನಿಯಾರಿಟಿ ಕಣೋ" ಎಂದು ಸರ್ಕಾರಿ ನೌಕರಿ ಕಂಡ ಚಿಕ್ಕಮ್ಮ ನಿಟ್ಟುಸಿರಿಟ್ಟರು. ಒಂದು-ಒಂದು. ಕೊನೆಯ ನಿಮಿಷದಲ್ಲಿ ನಮ್ಮೋರ ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಲ್ಯಾಪ್‌ಟಾಪಿನಲ್ಲಿ 'ಐಗೋ', ಅಂಗಡಿಯಲ್ಲಿ 'ಅಯ್ಯೋ'. ಸೋಲದೆಯೇ ಸೋತಿದ್ದೆವು. ಸೋತಿದ್ದೆವು ಎಂದು ಬರೆದೆನೇ? ಬರೆದೆ.

ಆಮೇಲೆ ಚಿಕ್ಕಮ್ಮ ಸ್ಕಾರ್ಫನ್ನು ಗಲ್ಲಾದ ಮೇಲಿಟ್ಟು, ತಮ್ಮ ಆಸ್ಪತ್ರೆಯ ಇಂಗ್ಲಿಷಿನಲ್ಲಿ, ಕೆಟ್ಟ ಸುದ್ದಿ ಹೇಳುವಾಗಿನ ನಿಧಾನದಲ್ಲಿ, ಎಲ್ಲವನ್ನೂ ಹೇಳಿದರು. ಇದು ಆಪ್ ಶಾಪಿನದು. ಅವತ್ತು ನಾನು ಹೌದೆನ್ನಲಿಲ್ಲ. ನನ್ನ ಭಾಷೆಯಲ್ಲಿ, ನನ್ನನ್ನು ಕೇಳುತ್ತಿದ್ದೀರಾ ಎಂದೆ. ನನಗೆ ಈ ತಂಡ ಗೊತ್ತಿರಲಿಲ್ಲ. ಇದು ನಿಮ್ಮದು, ತಗೊಳ್ಳಿ.

ಯಜಮಾನರು ಸ್ಕಾರ್ಫಿನ ಮೂಲೆಯ ನೀಲಿ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ಆಮೇಲೆ ಒಂದೊಂದೇ ಪದ ಹುಡುಕಿ ತೆಗೆದು ಹೇಳಿದರು. ತಂಡದ ಊರು ಅವರ ಹೆಂಡತಿಯದು. ಆ ತಂಡ ಹೆಂಡತಿಯದು. ಹೆಂಡತಿ ಈಗಿಲ್ಲ.

"ನನಗೆ ಫುಟ್‌ಬಾಲ್ ಗೊತ್ತಿಲ್ಲ," ಎಂದರು. "ನನಗೆ ಬೇಸ್‌ಬಾಲ್ ಇಷ್ಟ. ನೀವು ಬರ್ತಿದ್ರಿ, ಅದಕ್ಕೆ ಹಾಕ್ತಿದ್ದೆ."

ಮೂರು ವರ್ಷ! ಇಬ್ಬರು ವಯಸ್ಸಾದವರು, ಶುರುವಿನಲ್ಲಿ ಇಬ್ಬರಿಗೂ ಬೇಡದಿದ್ದ ಆಟವನ್ನು, ಇನ್ನೊಬ್ಬರಿಗೆ ಬೇಸರವಾಗಬಾರದೆಂದು ನೋಡಿದ್ದರು. ಚಿಕ್ಕಮ್ಮನಿಗೆ ನಗು ಬಂತು, ಅವರಿಗೂ ಬಂತು. ನಗು ನಿಂತ ಮೇಲೆ, ರೂಢಿಯಂತೆ, ಚಿಕ್ಕಮ್ಮ ಕೇಳಿದರು: ಹತ್ತರಲ್ಲಿ ನೋವು ಎಷ್ಟು? ಯಜಮಾನರು ಬೆರಳು ತೋರಿಸಲಿಲ್ಲ. ಸ್ಕಾರ್ಫನ್ನು ಎತ್ತಿ ಮತ್ತೆ ಚಿಕ್ಕಮ್ಮನ ಕುತ್ತಿಗೆಗೆ ಸುತ್ತಿ, ಮೂಲೆಯನ್ನು ಒಳಗೆ ಸಿಕ್ಕಿಸಿದರು. ಕೊಟ್ಟು ಕಳಿಸಲು ಮೂಲಂಗಿ ಉಳಿದಿರಲಿಲ್ಲ.

ಮೊದಲನೇ ರೌಂಡ್ ಅಬೌಟಿನಲ್ಲಿ ನಾನು ದಾರಿ ಬಿಡುತ್ತ ನಿಂತಿದ್ದಾಗ ನನ್ನ ಮಂದ ತಲೆಗೆ ಹೊಳೆಯಿತು: ಈ ಊರಿನಲ್ಲಿ ಆ ತಂಡದ ಸ್ಕಾರ್ಫನ್ನು ಆಪ್ ಶಾಪಿಗೆ ಕೊಡುವವರು ಬೇರೆ ಯಾರಿದ್ದಾರು? ಹೇಳಲು ಬಾಯಿ ತೆರೆದೆ. ಚಿಕ್ಕಮ್ಮ ನೀಲಿ ಹೊಲಿಗೆಯನ್ನೇ ನೋಡುತ್ತಿದ್ದರು.

"ಅವತ್ತು ನೀನು ಅಲ್ಲೇ ಇದ್ಯಲ್ಲ," ಎಂದರು. "ಅವರು ಕೇಳಿದ್ದೇನು?"

ತಂಡದ ಫ್ಯಾನಾ ನೀವು ಎಂದು ಕೇಳಿದರೆಂದು ನಾವು ಅಂದುಕೊಂಡಿದ್ದೆವು. ಇದು ಎಲ್ಲಿ ಸಿಕ್ಕಿತು ಎಂದಿರಬಹುದು. ಅವಳು ನಿಮಗೆ ಗೊತ್ತಿದ್ದಳಾ ಎಂದೂ ಇರಬಹುದು. ಫೋನು ಮಾಡಿ ಕೇಳೋಣವೇ ಎಂದೆ.

"ಬೇಡ. ಕೇಳಿದ್ರೆ ಹೇಳ್ಬಿಡ್ತಾರೆ ಕಣೋ."

ಈ ಸೀಸನ್ನಿನಲ್ಲೂ ನಮ್ಮೋರು ಎರಡನೇ ದರ್ಜೆಯಲ್ಲೇ ಇದ್ದಾರೆ. ಶನಿವಾರ ಪಂದ್ಯ ಶುರುವಾಗುವ ಹೊತ್ತಿಗೆ ರಿಕ್ಕರ್ಟನ್ನಿನಿಂದ ಚಿಕ್ಕಮ್ಮನಿಗೆ ಫೋನು ಬರುತ್ತದೆ. ಮುಗಿದ ಮೇಲೆ ಅದೇ ಪ್ರಶ್ನೆ ಹೋಗುತ್ತದೆ. ಫೋನಿನಲ್ಲಿ ಬೆರಳು ಕಾಣುವುದಿಲ್ಲವಾದ್ದರಿಂದ ಅವರು ಈಗ ಬಾಯಲ್ಲೇ ಸಂಖ್ಯೆ ಹೇಳುತ್ತಾರಂತೆ. ಎಷ್ಟೆಂದು ಚಿಕ್ಕಮ್ಮ ನನಗೆ ಹೇಳುವುದಿಲ್ಲ.

ಯಜಮಾನರು ಆ ದಿನ ಕೇಳಿದ್ದು ಏನೆಂದು ನನಗೆ ಗೊತ್ತಿಲ್ಲ. ಒಳಗಿದ್ದೆನೋ, ಕಾರಿನಲ್ಲಿದ್ದೆನೋ, ಅದೂ ಗೊತ್ತಿಲ್ಲ.