ನಮ್ಮ ಮನೆಯಲ್ಲಿ ಮಾತ್ರ ಓಡುವ ಸಾಫ್ಟ್‌ವೇರ್

ಆರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿದವರು ಬಹಳ ಜನ ಇದ್ದಾರೆ. ಮುಗಿಸಿದ ಮಾರನೆಯ ವಾರವೇ ಒಬ್ಬ ನಿರಪರಾಧಿ ಡಾಕ್ಟರಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇನೆಂದು ಮಾತು ಕೊಟ್ಟವಳು ಬಹುಶಃ ನಾನೊಬ್ಬಳೇ. ಮನೆಯ ಕಂಪ್ಯೂಟರಿಗೆ ಟವಲ್ ಹೊದಿಸುತ್ತಿದ್ದ ಕಾಲ ಅದು. ನಮ್ಮದು ಬಸವೇಶ್ವರನಗರ, ಡಾಕ್ಟರ ಕ್ಲಿನಿಕ್ ಕುರುಬರಹಳ್ಳಿಯಲ್ಲಿ, ನಡೆದರೆ ಇಪ್ಪತ್ತು ನಿಮಿಷ.

ಪುಟ್ಟಸ್ವಾಮಿ ಡಾಕ್ಟರು ನಮ್ಮ ಮನೆಯವರಿಗೆಲ್ಲ ಹೋಮಿಯೋಪತಿ ಗುಳಿಗೆ ಕೊಡುತ್ತಿದ್ದವರು. ವಯಸ್ಸು ಎಪ್ಪತ್ತರ ಹತ್ತಿರ. ರೋಗಿಗಳ ವಿವರವೆಲ್ಲ ಅಟ್ಟದ ಮೇಲಿನ ರಿಜಿಸ್ಟರುಗಳಲ್ಲಿತ್ತು. ಒಂದು ಹೆಸರು ಹುಡುಕಬೇಕಾದರೂ ಕಾಂಪೌಂಡರ್ ನಾಗರಾಜಪ್ಪ ಏಣಿ ಹತ್ತಬೇಕು.

"ಹೆಸರು ಟೈಪ್ ಮಾಡಿದ್ರೆ ಸಾಕು ಡಾಕ್ಟ್ರೇ, ಹತ್ತು ವರ್ಷದ ಹಿಂದಿನ ಕೆಮ್ಮೂ ಕಾಣತ್ತೆ" ಅಂದೆ. ಪಾಪ, ನಂಬಿದರು. ಕಂಪ್ಯೂಟರ್ ಕೊಂಡರು. ನಾನೇ ಹೋಗಿ ಕನ್ನಡ ಟೈಪಿಂಗೂ ಕಲಿಸಿಕೊಟ್ಟೆ.

ಎರಡು ತಿಂಗಳು ಮಧ್ಯಾಹ್ನದ ನಿದ್ದೆ ಬಿಟ್ಟು ನಮ್ಮ ಮನೆಯ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆದೆ. ಕುದುರೆಯ ಹಾಗೆ ಓಡಿತು. ಯಜಮಾನರ ಹೆಸರು ಹೊಡೆದರೆ ಅವರ ಮಲಬದ್ಧತೆಯ ಸಂಪೂರ್ಣ ಇತಿಹಾಸ ತೆರೆಯ ಮೇಲೆ ಮೂಡಿತು. "ಇದನ್ನ ಎಲ್ಲರಿಗೂ ತೋರಿಸ್ತೀಯೇನೇ?" ಎಂದು ಅವರು ಗಾಬರಿಯಾದರು.

ಶುಕ್ರವಾರ ಉದ್ಘಾಟನೆ. ಡಾಕ್ಟರು ಮಾನಿಟರಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದರು. ಆರು ಜನ ರೋಗಿಗಳು ಕೆಮ್ಮುವುದನ್ನೂ ಮರೆತು ನೋಡುತ್ತಿದ್ದರು. ನಾನು ಫ್ಲಾಪಿ ಹಾಕಿ ಮೌಸ್ ಒತ್ತಿದೆ. ಬೂದು ಬಣ್ಣದ ಒಂದು ಪೆಟ್ಟಿಗೆ ಮೂಡಿ, ಯಾವುದೋ ಒಂದು ಫೈಲ್ ಇಲ್ಲವೆಂದು ತಿಳಿಸಿತು.

"ಏನಂತೆ ಮೇಡಂ?" ನಾಗರಾಜಪ್ಪ ಕೇಳಿದ.

"ಒಂದು ಫೈಲ್ ಸಿಕ್ತಾ ಇಲ್ವಂತೆ."

"ಅಟ್ಟದ ಮೇಲೆ ನೋಡ್ಲಾ?"

ಮನೆಗೆ ಹೋಗಿ ಆ ಫೈಲನ್ನು ಫ್ಲಾಪಿಗೆ ಹಾಕಿಕೊಂಡು ಬಂದೆ. ಪೆಟ್ಟಿಗೆ ಈಗ ಬೇರೊಂದು ಫೈಲ್ ಕೇಳಿತು. ಅದನ್ನೂ ತಂದೆ. ಮೂರನೆಯದನ್ನು ಕೇಳಿತು. ಬಿಸಿಲಲ್ಲಿ ಬೆವರುತ್ತಾ ಮತ್ತೆ ಹೊರಟಾಗ ಬೆಂಚಿನ ಮೇಲಿದ್ದ ಅಜ್ಜಿ ಕನಿಕರದಿಂದ, "ನಮ್ ಸೊಸೇನೂ ಹಿಂಗೇಯ, ಅಂಗಡಿಗೆ ಕಳ್ಸುದ್ರೆ ಮೂರ್ ಸಲ ಹೋಯ್ತಾಳೆ" ಅಂದಳು.

ಸಂಜೆ ಯಜಮಾನರಿಗೆ ವಿವರಿಸಿದೆ. ನನ್ನ ಪ್ರೋಗ್ರಾಂ ಒಂದೇ ಓಡುವುದಿಲ್ಲ. ಬೇರೆ ಯಾರೋ ಬರೆದಿಟ್ಟ ಲೈಬ್ರರಿ ಫೈಲುಗಳು ಅದಕ್ಕೆ ಜೊತೆಯಲ್ಲಿ ಬೇಕು. ಅವು ನಮ್ಮ ಕಂಪ್ಯೂಟರಿನಲ್ಲಿವೆ, ಡಾಕ್ಟರ ಕಂಪ್ಯೂಟರಿನಲ್ಲಿ ಇಲ್ಲ.

"ಅಂದ್ರೆ, ಮದುವೆಗೆ ಗಂಡನ್ನ ಮಾತ್ರ ಬಸ್ ಹತ್ತಿಸಿದೀಯ. ಪುರೋಹಿತರು, ವಾಲಗದವ್ರು, ಅಡುಗೆಯವ್ರು ಎಲ್ಲಾ ಇಲ್ಲೇ ಇದಾರೆ."

"ಹೂಂ ರೀ."

"ಯಾರ್ಯಾರು ಹೋಗ್ಬೇಕು ಅಂತ ಪಟ್ಟಿ ಮಾಡಕ್ಕಾಗಲ್ವಾ?"

ಆಗುತ್ತದೆ. ಬೇಕಾದ ಫೈಲುಗಳನ್ನೆಲ್ಲ ಸೇರಿಸಿ ಒಂದೇ ಕಟ್ಟು ಕಟ್ಟುವ ವಿಧಾನವನ್ನು ಕೋರ್ಸಿನ ಕೊನೆಯ ವಾರದಲ್ಲಿ ಹೇಳಿಕೊಟ್ಟಿದ್ದರು. ಆ ವಾರ ನಾನು ನಾದಿನಿಯ ಸೀಮಂತಕ್ಕೆ ಹೋಗಿದ್ದೆ.

ಪಟ್ಟಿಯ ಗೊಡವೆಯೇ ಬೇಡ, ಇಡೀ ದಿಬ್ಬಣವನ್ನೇ ಕರೆದೊಯ್ಯೋಣ ಎಂದು ತೀರ್ಮಾನಿಸಿದೆ. ನಮ್ಮ ಕಂಪ್ಯೂಟರಿನ ಸಿಸ್ಟಮ್ ಫೋಲ್ಡರಿನಲ್ಲಿದ್ದ ಲೈಬ್ರರಿ ಫೈಲುಗಳನ್ನೆಲ್ಲ ಸಿ.ಡಿ.ಗೆ ತುಂಬಿಸಿ, ಸೋಮವಾರ ಡಾಕ್ಟರ ಕಂಪ್ಯೂಟರಿಗೆ ಸುರಿದೆ. ಅದು ಸಂಕೋಚದಿಂದಲೇ ಕೇಳಿತು: ಈ ಹೆಸರಿನ ಫೈಲ್ ಇಲ್ಲಿ ಮೊದಲೇ ಇದೆ, ಅಳಿಸಿ ಹೊಸದನ್ನು ಹಾಕಲೇ? 'ಎಲ್ಲಕ್ಕೂ ಹೌದು' ಎಂದು ಒತ್ತಿದೆ. ಆಫ್ ಮಾಡಿ ಆನ್ ಮಾಡಿದೆ.

ಅದು ಮತ್ತೆ ಏಳಲಿಲ್ಲ. ಕಪ್ಪು ತೆರೆ, ಮೇಲೊಂದು ಮಿಣುಕುವ ಗೆರೆ. ಮಾನಿಟರಿನ ಕುಂಕುಮ ಇನ್ನೂ ಮಾಸಿರಲಿಲ್ಲ.

ವಿಜಯನಗರದಿಂದ ರಿಪೇರಿಯವರನ್ನು ಕರೆಸಿದೆ. ಅವರು ಅರ್ಧ ಗಂಟೆ ನೋಡಿ, "ಫಾರ್ಮ್ಯಾಟ್ ಹೊಡೀಬೇಕು ಮೇಡಂ, ಒಳಗಿರೋದೆಲ್ಲಾ ಹೋಗತ್ತೆ. ಮುಖ್ಯವಾದ್ದು ಏನಾದ್ರೂ ಇದ್ಯಾ?" ಅಂದರು.

ಡಾಕ್ಟರು ಒಳಗೆ ರೋಗಿಯ ನಾಡಿ ಹಿಡಿದಿದ್ದರು. ಅವರನ್ನು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. "ಏನೂ ಇಲ್ಲ, ಹೊಸ ಕಂಪ್ಯೂಟರ್. ಹೊಡೀರಿ" ಎಂದು ಅಧಿಕಾರವಾಣಿಯಿಂದ ಹೇಳಿದೆ.

ಎಲ್ಲ ಮುಗಿದ ಮೇಲೆ ಡಾಕ್ಟರು ಕೈ ಒರೆಸಿಕೊಳ್ಳುತ್ತಾ ಬಂದರು. "ನಮ್ಮಮ್ಮನ ಹಾಡುಗಳು ಇವೆ ತಾನೇ ಅಮ್ಮ?"

"ಯಾವ ಹಾಡು ಡಾಕ್ಟ್ರೇ?"

ಅವರ ತಾಯಿ ರಾಗಿ ಬೀಸುವಾಗ ಹೇಳುತ್ತಿದ್ದ ಹಾಡುಗಳು. ನಾನು ಕಲಿಸಿದ ಟೈಪಿಂಗಿನಲ್ಲಿ, ಒಂದೇ ಬೆರಳಿನಿಂದ, ರೋಗಿಗಳಿಲ್ಲದ ಹೊತ್ತಿನಲ್ಲಿ ಕುಟ್ಟಿ ಕುಟ್ಟಿ ನಲವತ್ತು ಹಾಡು ಸೇರಿಸಿದ್ದರಂತೆ. ನಾನು ರೋಗಿಗಳ ಬೆಂಚಿನ ಮೇಲೆ ಕುಳಿತುಬಿಟ್ಟೆ. ಆದದ್ದನ್ನು ಹೇಳಿದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಹೋಗ್ಲಿ ಬಿಡಮ್ಮ. ಬಾಯಲ್ಲಿದೆ."

ಮರುದಿನದಿಂದ ನೋಟ್‌ಬುಕ್ ಹಿಡಿದು ಹೋಗತೊಡಗಿದೆ. ಡಾಕ್ಟರು ಸಣ್ಣ ದನಿಯಲ್ಲಿ ಹಾಡುವರು, ನಾನು ಬರೆಯುವೆ, ನಾಗರಾಜಪ್ಪ ತಲೆ ತೂಗುವನು. ಒಂದು ತಿಂಗಳಿಗೆ ಮೂವತ್ತೊಂದು ಹಾಡಾದವು. ಮುಂದೆ ಬರಲಿಲ್ಲ. "ಟೈಪ್ ಮಾಡಿದೀನಲ್ಲ ಅಂತ ಮನಸ್ಸು ಮರೆತುಬಿಡ್ತು, ನೋಡು" ಎಂದು ಡಾಕ್ಟರು ನಕ್ಕರು. ಆ ನಗುವನ್ನು ನೋಡಲಾರದೆ ನಾನು ಪೆನ್ನಿನ ಕ್ಯಾಪ್ ಹುಡುಕಿದೆ.

ಆಮೇಲೆ ಹಟ ಹಿಡಿದು, ಸೀಮಂತದ ವಾರದ ಪಾಠವನ್ನು ಗೆಳತಿಯ ನೋಟ್ಸಿನಿಂದ ಓದಿದೆ. ಬೇಕಾದ ಫೈಲುಗಳನ್ನಷ್ಟೇ ಪಟ್ಟಿ ಮಾಡಿ, ಕಟ್ಟು ಕಟ್ಟಿ, ಹೊಸ ಸಿ.ಡಿ. ಮಾಡಿದೆ. ಹೊಸಹಳ್ಳಿಯ ಅಕ್ಕನ ಮನೆಯಲ್ಲಿ ಹಾಕಿ ನೋಡಿದರೆ ಒಂದೇ ಸಲಕ್ಕೆ ಓಡಿತು! ಅಲ್ಲಿಂದ ಆಟೋದಲ್ಲಿ ನೇರ ಕ್ಲಿನಿಕ್ಕಿಗೆ ಹೋದೆ. ಕಂಪ್ಯೂಟರಿದ್ದ ಜಾಗದಲ್ಲಿ ರಿಜಿಸ್ಟರುಗಳನ್ನು ಜೋಡಿಸಿದ್ದರು.

"ನಮ್ಮ ತಮ್ಮನ ಮನೆಗೆ ಕೊಟ್ಟುಬಿಟ್ಟೆ ಕಣಮ್ಮ. ಮಕ್ಕಳು ಆಟ ಆಡ್ಕೋತವೆ. ಬೇಜಾರು ಮಾಡ್ಕೋಬೇಡ" ಅಂದರು ಡಾಕ್ಟರು. ನನ್ನ ಮನಸ್ಸು ನೋಯಬಾರದೆಂದು ಸಿ.ಡಿ.ಯನ್ನು ಮಾತ್ರ ಎರಡೂ ಕೈಯಲ್ಲಿ ಇಸಿದುಕೊಂಡರು.

ಹದಿನೈದು ದಿನ ಬಿಟ್ಟು ನೆಗಡಿಗೆ ಗುಳಿಗೆ ತರಲು ಹೋದೆ. ನನ್ನ ಸಾಫ್ಟ್‌ವೇರ್ ಕ್ಲಿನಿಕ್ಕಿನ ಕಿಟಕಿಯಲ್ಲಿ ದಾರಕ್ಕೆ ನೇತಾಡುತ್ತಾ ಬಿಸಿಲಿಗೆ ಹೊಳೆಯುತ್ತಿತ್ತು. ಪಾರಿವಾಳ ಬೆದರಿಸಲಿಕ್ಕಂತೆ. ಅದರ ಪಕ್ಕದಲ್ಲೇ ಎರಡು ಪಾರಿವಾಳ ಕೂತಿದ್ದವು.

"ಎರಡು ದಿನ ಹೆದರಿದ್ವು ಮೇಡಂ, ಈಗ ಕೆಲಸ ಮಾಡ್ತಾ ಇಲ್ಲ" ಅಂದ ನಾಗರಾಜಪ್ಪ. ಆಮೇಲೆ ನನಗೆ ನೋವಾಗದಂತೆ ಮೆಲ್ಲಗೆ ಕೇಳಿದ: "ಇದರ ಜೊತೆಗೆ ಇನ್ನೂ ಏನಾದ್ರೂ ಬೇಕಾಗತ್ತಾ?"

ಮನೆಯಲ್ಲಿ ನೋಡಿ ತರುತ್ತೇನೆಂದು ಹೇಳಿ ಹೊರಟೆ.