ಮೇಲಿಂದ ಕಾಣುವ ಮನೆ

ಎಲ್ಲ ಶುರುವಾದದ್ದು ಬೆಳಗಿನ ಕಾಫಿಯ ಹೊತ್ತಿಗೆ, ಭದ್ರಮ್ಮ ಮಗನನ್ನು ಕೇಳಿದ ಒಂದು ಪ್ರಶ್ನೆಯಿಂದ.

"ದಿನಾ ನಮ್ಮನೆ ಮ್ಯಾಲೇ ಇಮಾನ ಓಡಿಸ್ತೀಯಲ್ಲ, ನಮ್ಮನೆ ಕಾಣ್ತದೇನ್ಲಾ?"

"ಈ ಪರದೇಶದ ನೆವಾರ್ಕಲ್ಲಿ ಎಲ್ಲಾ ಮನೇನೂ ಒಂದೇ ಥರ ಕಣವ್ವ. ಗೊತ್ತಾಗಕಿಲ್ಲ," ಎಂದ ಹನುಮಂತರಾಜು, ಶೂ ಕಟ್ಟಿಕೊಳ್ಳುತ್ತ.

ಭದ್ರಮ್ಮನ ಮುಖ ಸಣ್ಣಗಾಯಿತು. ಬೇಲಿಯಾಚೆಯಿಂದ ಪಕ್ಕದ ಮನೆಯ ಶ್ರೀಕಂಠಯ್ಯ ಕತ್ತು ಚಾಚಿದರು. ರಿಟೈರ್ಡ್ ಎಂಜಿನಿಯರು, ಊರವರ ಕೆಲಸವೆಲ್ಲ ಅವರದೇ. "ಗೊತ್ತಾಗೋ ಹಾಗೆ ಮಾಡೋಣ ಬಿಡಿ ಅಮ್ಮ," ಎಂದರು.

ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ರಾಜುವಿಗಿರಲಿಲ್ಲ. ನೆಲದಡಿಯ ಗ್ಯಾಸ್ ಪೈಪಿನ ಗುಂಟ ಹಾರುತ್ತ, ಅದರ ಮೇಲೆ ಯಾರಾದರೂ ಅಗೆಯುತ್ತಿದ್ದಾರೋ ಎಂದು ನೋಡುವುದು ಅವನ ಕೆಲಸ. ಅದಕ್ಕೆಂದೇ ಎರಡು ಎಂಜಿನ್ನಿನ ಹಳೆಯ ಪುಟ್ಟ ವಿಮಾನವೊಂದನ್ನು ಸಾಲ ಮಾಡಿ ಕೊಂಡಿದ್ದ. ಆ ಎಂಜಿನ್ನುಗಳು ಹೊಂದದ ಜೋಡಿ ಎತ್ತುಗಳು. ಎಡದ್ದು ಹೊರಟರೆ ಬಲದ್ದು ಮುನಿಸಿಕೊಳ್ಳುತ್ತಿತ್ತು. ಇವತ್ತು ಪೈಪ್ ಕಂಪನಿಯ ಇನ್ಸ್‌ಪೆಕ್ಟರು ವ್ಯಾಸರಾಜ ಜೊತೆಗೆ ಹಾರುವವರಿದ್ದರು. ನಾಲ್ಕು ತಿಂಗಳಲ್ಲಿ ರಾಜು ಒಂದು ಗುಂಡಿಯನ್ನೂ ಪತ್ತೆ ಮಾಡಿರಲಿಲ್ಲ. ಅವರು ಮೆಚ್ಚದಿದ್ದರೆ ಗುತ್ತಿಗೆ ಹೋಯಿತು, ಅದರ ಹಿಂದೆಯೇ ವಿಮಾನವೂ.

"ಏನ್ರೀ, ನಿಮ್ಮ ಲೈನಲ್ಲಿ ಯಾರೂ ಅಗಿಯೋದೇ ಇಲ್ವೋ, ನಿಮಗೆ ಕಾಣೋದೇ ಇಲ್ವೋ?" ಮೇಲೇರಿದ ಕೂಡಲೇ ವ್ಯಾಸರಾಜ ಚುಚ್ಚಿದರು.

ರಾಜು ಕೆಳಗೇ ಕಣ್ಣು ನೆಟ್ಟ. ಕೊಲ್ಲಿಯ ಉಪ್ಪಿನ ಪಾತಿ ದಾಟಿ ಮನೆಗಳ ಸಾಲು ಬಂತು. ಅಲ್ಲೊಂದು ಹಿತ್ತಲಲ್ಲಿ, ಪೈಪಿನ ನೆತ್ತಿಯ ಮೇಲೆಯೇ, ಅಗೆಯುವ ಹಳದಿ ಯಂತ್ರವೊಂದು ಹುಲ್ಲು ಕಿತ್ತು ಎಸೆಯುತ್ತಿತ್ತು.

"ಸಾರ್! ಸಿಕ್ದ ಸಾರ್!"

"ಭೇಷ್!" ವ್ಯಾಸರಾಜ ಕೆಳಗಿನ ತಂಡಕ್ಕೆ ಸುದ್ದಿ ಮುಟ್ಟಿಸಿದರು.

ರಾಜುವಿಗೆ ಹುರುಪೇರಿತು. "ಯಾವನೋ ಬುದ್ಧಿಗೇಡಿ ಸಾರ್. ಪರ್ಮಿಷನ್ ಇಲ್ಲ, ಅಗಿಯೋಕೆ ಮುಂಚೆ ಕಂಪನಿಗೊಂದು ಫೋನ್ ಇಲ್ಲ. ಸರಿಯಾಗಿ ನೋಟಿಸ್ ಕೊಡಿ."

"ಕೊಡೋಣ. ಇನ್ನೊಂದು ಸುತ್ತು ಹೊಡೀರಿ, ಫೋಟೋ ತಗೋತೀನಿ."

ವಿಮಾನ ವಾಲಿತು. ಹಸಿರು ಹುಲ್ಲಿನ ನಡುವೆ ಆಳುದ್ದದ ಮಣ್ಣಿನ ಅಕ್ಷರಗಳು ತೆರೆದುಕೊಂಡವು. ವ್ಯಾಸರಾಜ ಮೈಸೂರಿನವರು, ಒಂದೂ ಅಕ್ಷರ ಬಿಡದೆ ಓದಿದರು:

"'ರಾಜು ಮನೆ'. ಯಾರ್ರೀ ಅದು ರಾಜು?"

ಅಕ್ಷರಗಳ ಪಕ್ಕದಲ್ಲಿ ಭದ್ರಮ್ಮ ಸೆರಗು ಬೀಸುತ್ತಿದ್ದರು. ಯಂತ್ರದ ಮೇಲೆ ನಿಂತು ಶ್ರೀಕಂಠಯ್ಯ ಸಲ್ಯೂಟ್ ಹೊಡೆದರು. ಬಲಗಡೆಯ ಎಂಜಿನ್ನು ಒಮ್ಮೆ ಕೆಮ್ಮಿತು.

ಇಳಿದ ಮೇಲೆ ವ್ಯಾಸರಾಜ ನಗು ತಡೆದುಕೊಂಡೇ ಹೇಳಿದರು: "ಕಣ್ಣು ಚುರುಕಾಗಿದೆ. ಗುತ್ತಿಗೆ ನಿಮಗೇ. ನೋಟಿಸೂ ನಿಮಗೇ. ಆದ್ರೆ ಸ್ವಂತ ಮನೆ ಮೇಲಿನ ಲೈನು ಇನ್ನು ನಿಮಗಿಲ್ಲ. ನಾಳೆಯಿಂದ ಮರುಭೂಮಿ ಕಡೆ ಹಾರಿ."

ಸಂಜೆ ಹಿತ್ತಲ ಸುತ್ತ ಕೆಂಪು ಟೇಪು ಬಿಗಿದಿತ್ತು. ಒಳಗೆ ಬಿಸಿ ಮುದ್ದೆ, ಉಪ್ಸಾರು.

"ಕಾಣ್ತೇನ್ಲಾ?"

"ಚೆನ್ನಾಗೇ ಕಾಣ್ತು ಕಣವ್ವ," ಎಂದು ಮುದ್ದೆ ಮುರಿದ ರಾಜು. ಎಷ್ಟಾದರೂ ವಿಮಾನ ಉಳಿದಿತ್ತು. "ನಾಳೆಯಿಂದ ನಾನು ಈ ಕಡೆ ಬರಲ್ಲ. ಮರುಭೂಮಿ ಮೇಲೆ ಹಾರ್ಬೇಕು."

"ಅಲ್ಲೂ ಮಣ್ಣೇ ಅಲ್ವೇನ್ಲಾ?" ಎಂದರು ಭದ್ರಮ್ಮ. ಆಮೇಲೆ ಕಿಟಕಿ ತೆರೆದು ಬೇಲಿಯ ಕಡೆಗೆ ಕೂಗಿದರು:

"ಶ್ರೀಕಂಠಯ್ಯನೋರೇ, ಆ ಮಿಷಿನ್ನ ಇವತ್ತೇ ವಾಪಸ್ ಕೊಡಬ್ಯಾಡಿ!"