ಆರನೆಯ ತೂತು

ಜೀವಮಾನದಲ್ಲಿ ಒಂದು ಇಲಿಯನ್ನೂ ಹೊಡೆಯದವರು ಬೇಟೆಯ ಬಗ್ಗೆ ಮಾತನಾಡಬಾರದು ಎಂಬ ನಿಯಮವಿದ್ದಿದ್ದರೆ ಕೋಥರೂಡಿನ ನಮ್ಮ ವಸತಿ ಸೊಸೈಟಿಯ ಕಲ್ಲುಬೆಂಚು ಎಂದೋ ಖಾಲಿಯಾಗುತ್ತಿತ್ತು. ಅದರ ಮೇಲೆ ಕೂತು ನಾನೂ ಧಾರವಾಡದ ಬಾಲ್ಯಸ್ನೇಹಿತ ವಾಮನನೂ ಎರಡು ವರ್ಷ ರೈಫಲ್ಲುಗಳ ಯುದ್ಧ ನಡೆಸಿದ್ದೇವೆ. ನಾನು ಮೆಟ್ರಿಕ್ ಮುಗಿಸಿ ಕಾರಕೂನಿಕೆಯಲ್ಲಿ ಸವೆದವನು, ಅವನು ಬಟ್ಟೆ ಅಂಗಡಿಯಲ್ಲಿ ಮೀಟರು ಅಳೆದವನು. ಇಬ್ಬರಿಗೂ ಬಂದೂಕಿಲ್ಲ, ಲೈಸೆನ್ಸಿಲ್ಲ, ಅನುಭವವಿಲ್ಲ. ಹೀಗಾಗಿ ವಾದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ನನ್ನದು ಲಿವರ್ ರೈಫಲ್ಲಿನ ಪಕ್ಷ. ಕೈಪಂಪಿನಂತೆ ಹಿಡಿಯನ್ನು ಒಮ್ಮೆ ಇಳಿಸಿ ಏರಿಸಿದರೆ ಮುಂದಿನ ಗುಂಡು ಸಿದ್ಧ; ಇಂದಾಪುರದ ಕಬ್ಬಿನ ಗದ್ದೆಯಿಂದ ಕಾಡುಹಂದಿ ನುಗ್ಗಿ ಬಂದರೂ ತಡವಿಲ್ಲ. ವಾಮನನದು ಬೋಲ್ಟ್: ಚಿಲಕದಂತೆ ಎತ್ತಬೇಕು, ಹಿಂದಕ್ಕೆಳೆಯಬೇಕು, ಮುಂದಕ್ಕೆ ತಳ್ಳಬೇಕು, ಒತ್ತಬೇಕು. “ಸಾವಕಾಶ ಖರೆ, ಆದ್ರ ಭಾಳ ಭದ್ರ. ಬಕ್ಕಬಾರಲೆ, ಹೊಟ್ಟಿ ನೆಲಕ್ಕ ಹಚ್ಚಿ ಮಲಗಿ ಹೊಡಿಯೂ ಮುಂದ ನಿನ್ನ ಲಿವರ್ ನೆಲಾ ಕೆರೀತದಲೇ ರಾಘು!” ಎನ್ನುತ್ತಿದ್ದ. “ನೀ ಬಕ್ಕಬಾರಲೆ ಮಲಗಿದ್ರ ಎಬ್ಬಸಲಿಕ್ಕೆ ಇಬ್ಬರು ಬೇಕು” ಎಂದು ನಾನು. ನನ್ನವಳು ಮಾತ್ರ, “ಬಚ್ಚಲ ಚಿಲಕಾ ಮುರದು ತಿಂಗಳಾತು, ಮೊದಲ ಅದನ್ನ ಹಾಕಸ್ರಿ” ಎಂದಳು. ಮಹಾಶಾಸ್ತ್ರಗಳ ನಡುವೆ ಇಂಥ ಕ್ಷುಲ್ಲಕ ಮಾತುಗಳು ಬರುತ್ತಲೇ ಇರುತ್ತವೆ.

ಕೊನೆಗೆ ವಾಮನನ ಮೊಮ್ಮಗಳು ನಮ್ಮಿಬ್ಬರನ್ನೂ ತಾನು ಗುರಿ ಹೊಡೆಯಲು ಕಲಿಯುವ ಕೇಂದ್ರಕ್ಕೆ ಕರೆದೊಯ್ದಳು. ಅಲ್ಲಿ ಲಿವರಿನದೊಂದು, ಬೋಲ್ಟಿನದೊಂದು ಏರ್‌ರೈಫಲ್ ಇದ್ದವು. ಅಕ್ಕಪಕ್ಕದಲ್ಲಿ ಎರಡು ಕಾಗದದ ಗುರಿಗಳು, ತಲಾ ಐದು ಗುಂಡು. ಮೊದಲು ವಾಮನ ಹೊಡೆದ. ನನ್ನ ಸರದಿ ಬಂದಾಗ ದುರ್ಬೀನಿಗೆ ಕಣ್ಣಿಟ್ಟೆ. ನಾನಿನ್ನೂ ಹೊಡೆಯದ ನನ್ನ ಗುರಿಯ ನಟ್ಟನಡುವೆ ಒಂದು ತೂತಿತ್ತು! ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಐದೂ ಗುಂಡುಗಳು ಎಡಮೂಲೆಯನ್ನು ಜರಡಿ ಮಾಡಿದವು. ಹುಡುಗಿ ಕಾಗದ ನೋಡಲು ಬಂದಾಗ ಆರು ತೂತು ಐದಾಗಿ ಕಾಣಲೆಂದು ಮೂಲೆಯ ಒಂದರ ಮೇಲೆ ಹೆಬ್ಬೆರಳಿಟ್ಟು ಹಿಡಿದೆ. “ಅಯ್ಯ, ನಟ್ಟನಡುವ ಹೊಡದೀರಿ ಅಜ್ಜಾ!” ಎಂದಳು. ವಾಮನನ ಕಾಗದದಲ್ಲಿ ನಾಲ್ಕೇ ತೂತು. ಮರುದಿನ ಬೆಂಚಿನಲ್ಲಿ ಎಲ್ಲರೆದುರು, “ಬೋಲ್ಟ್ ಗುಂಡು ಕಾಗದಾ ಬಿಟ್ಟು ಹವಾ ತಿನ್ನಲಿಕ್ಕೆ ಹೋಗಿತ್ತು” ಎಂದೆ. ಎಲ್ಲರೂ ನಕ್ಕರು. ವಾಮನ ಎದ್ದು ಹೋದ, ಮತ್ತೆ ಬರಲಿಲ್ಲ.

ಗೆದ್ದವನು ಒಬ್ಬನೇ ಕೂತು ಯಾರೊಡನೆ ವಾದಿಸಬೇಕು? ಹದಿನೈದು ದಿನ ತಡೆದು ಅವನ ಮನೆಗೆ ಹೋಗಿ ಕಾಗದವನ್ನು ಮುಂದಿಟ್ಟೆ. “ನಡುವಿನ ತೂತು ನಿಂದು, ವಾಮ್ಯಾ. ತಪ್ಪಾತು.”

“ಗೊತ್ತದ.”

“ಗೊತ್ತಿದ್ರ ಅವತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ, ನಿನ್ನ ಕಾಗದಕ್ಕ ಹೊಡ್ದೆ ಅಂತ ಮೊಮ್ಮಗಳ ಮುಂದ ಒಪ್ಪಬೇಕಲ್ಲೋ!” ಎಂದವನು ಆಮೇಲೆ ಮೆಲ್ಲಗೆ ಅಂದ: “ಬೆಂಚಿಗೆ ಬರೂದು ಬಿಟ್ಟದ್ದು ಅದಕ್ಕಲ್ಲ. ನೀ ಎಂದ ಹೇಳ್ತಿ ಅಂತ ಕಾಯ್ಲಿಕ್ಕತ್ತಿದ್ದೆ.”

ಮರುದಿನ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲರೆದುರು ತಪ್ಪೊಪ್ಪಿಕೊಳ್ಳಲು ನಿಂತೆ. ನಡುವಿನ ತೂತು ವಾಮನನದು ಎಂದೆ. ನಾನು ಸುಳ್ಳು ಹೇಳಿದೆ ಎಂದೆ. ಅಲ್ಲಿಗೆ ಸುಮ್ಮನಾಗಬೇಕಿತ್ತು. “ಆದ್ರ ಒಂದು ಮಾತು,” ನಾಲಿಗೆ ತಾನಾಗಿ ಮುಂದುವರಿಯಿತು, “ಲಿವರ್ ಗುಂಡು ಮೂಲಿಗೆ ಬಡದರೂ ತಮ್ಮ ಕಾಗದಕ್ಕs ಬಡದವು ನೋಡ್ರಿ.” ವಾಮನ ತಲೆಯ ಮೇಲೆ ಕೈ ಹೊತ್ತ. ಪಶ್ಚಾತ್ತಾಪದಲ್ಲೂ ನನ್ನ ಗುರಿ ಎಡಮೂಲೆಯೇ.